ಪೇಸ್ಟ್ ಹಚ್ಚಿ ಉಜ್ಜಿದ ಮದುವೆ

ಮೊನ್ನೆ ಬುಧವಾರ ತೀರ್ಥಹಳ್ಳಿ ಕಡೆಯಿಂದ ಅತ್ತೆ ಬಂದರು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಕೆಸುವಿನ ಸೊಪ್ಪು, ಬಾಳೆಹಣ್ಣು, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಇನ್ನೊಂದರಲ್ಲಿ ರವಿಕೆ ಕಣದಲ್ಲಿ ಸುತ್ತಿದ ಒಂದು ಸಿಡಿ. ಕಾಫಿ ಬರುವ ಮುಂಚೆಯೇ ಅದನ್ನು ಬಿಚ್ಚಿ ಟೀಪಾಯಿ ಮೇಲಿಟ್ಟರು.

"ಇಗಾ, ಸಾಕ್ಷಿ ತಂದಿದೀನಿ. ಹಾಕು ಪುಟ್ಟಿ. ನಿಮ್ಮಮ್ಮನ್ನ ನಾನು ಆರತಿಗೆ ಕರೆದಿದ್ದು ಇದ್ರಲ್ಲಿದೆ."

ಅಮ್ಮ ಅಡುಗೆಮನೆಯಿಂದಲೇ ಅಂದಳು: "ನೀವು ಕರೀಲಿಲ್ಲ ಅತ್ತಿಗೆ."

"ಕರೆದೆ ಕಣೇ. ನೀನೇ ಬರ್ಲಿಲ್ಲ."

ಈ ಎರಡು ಮಾತನ್ನು ನಾನು 2006ರ ಮೇ ತಿಂಗಳಿಂದ ಕೇಳುತ್ತಿದ್ದೇನೆ. ಮುಂಜಿ ಮನೆಯಲ್ಲಿ ಕೇಳಿದ್ದೇನೆ, ಗೃಹಪ್ರವೇಶದಲ್ಲಿ ಕೇಳಿದ್ದೇನೆ, ಅಜ್ಜಿಯ ವೈಕುಂಠದ ದಿನ ಹೋಳಿಗೆ ಬಡಿಸುವಾಗಲೂ ಕೇಳಿದ್ದೇನೆ. ಅತ್ತೆಯ ಮಗಳ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತಂದವರು ಸೋದರಮಾವ, ಅಂದರೆ ನಮ್ಮಪ್ಪ. ಅವರ ಹೆಂಡತಿಯನ್ನೇ ಆರತಿಗೆ ಕರೆಯಲಿಲ್ಲ ಅಂದರೆ ಅದು ಸಣ್ಣ ಮಾತಾ? ಅಪ್ಪ ಈ ವಿಷಯದಲ್ಲಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಬುಧವಾರವೂ ಅಷ್ಟೇ, ಸಿಡಿ ಕಂಡ ಕೂಡಲೇ ಹಾಲು ತರುತ್ತೇನೆ ಅಂತ ಹೊರಟರು. ಫ್ರಿಜ್ಜಿನಲ್ಲಿ ಎರಡು ಲೀಟರ್ ಹಾಲಿತ್ತು.

ಆ ಮದುವೆಯ ವಿಸಿಡಿ, ಅಂದರೆ ವಿಡಿಯೋ ಸಿಡಿ, ಮೂರು. ಒಂದು ಸಿಡಿಯಲ್ಲಿ ಹಿಡಿಸುವುದೇ ಒಂದೂಕಾಲು ಗಂಟೆ ಹತ್ತಿರದ ಚಿತ್ರ, ಹಾಗಾಗಿ ಆಗಿನ ಮದುವೆಗಳೆಲ್ಲ ಎರಡು ಮೂರು ತುಂಡಾಗಿಯೇ ಮನೆಗೆ ಬರುತ್ತಿದ್ದವು. ಮೊದಲನೆಯದು ಯಾರೋ ನೋಡಿ ಕೊಡ್ತೀನಿ ಅಂತ ಒಯ್ದವರು ಕೊಡಲೇ ಇಲ್ಲ. ಮೂರನೆಯದನ್ನು ಮಾವ ಹಾಗಲಕಾಯಿ ಚಪ್ಪರಕ್ಕೆ ದಾರ ಕಟ್ಟಿ ನೇತುಹಾಕಿದ್ದಾರೆ, ಹಕ್ಕಿ ಬರಬಾರದು ಅಂತ. ಮಾವನಿಗೆ ಯಾವುದನ್ನೂ ಸುಮ್ನೆ ಬಿಸಾಡಿ ಅಭ್ಯಾಸವಿಲ್ಲ. ಮಗಳ ಮದುವೆಯ ಊಟದ ಪಂಕ್ತಿಯೆಲ್ಲ ಈಗ ಬಿಸಿಲಲ್ಲಿ ತಿರುಗುತ್ತಿದೆ. ಉಳಿದದ್ದು ಈ ಎರಡನೆಯದು. ಅಟ್ಟ ಗುಡಿಸುವಾಗ ಟ್ರಂಕಿನಲ್ಲಿ ಸಿಕ್ಕಿತಂತೆ. ಅತ್ತೆ ಅದನ್ನು ನೋಡಿದ್ದು 2006ರಲ್ಲೇ. ಅಮ್ಮ ನೋಡಿಯೇ ಇಲ್ಲ. ಕರೆಯದ ಮದುವೆಯ ಸಿಡಿ ನಾನ್ಯಾಕೆ ನೋಡಲಿ ಅಂತ ಆಗ ಹಟ ಮಾಡಿದ್ದಳು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಗೆಳತಿಯ ಹತ್ತಿರ ಯುಎಸ್‌ಬಿಗೆ ಸಿಕ್ಕಿಸುವ ಸಿಡಿ ಡ್ರೈವ್ ಇತ್ತು, ಸಂಜೆ ಇಸ್ಕೊಂಡು ಬಂದೆ. ಹಾಕಿದೆ. ಗಣಪತಿ ಬಂದ, ಶ್ಲೋಕ ಬಂತು, ಒಂದು ಹೃದಯದ ಆಕಾರದೊಳಗೆ ಗಂಡು ಹೆಣ್ಣು ಸುತ್ತುತ್ತಾ ಬಂದರು, ಹಿಂದೆ ತಾಜ್‌ಮಹಲ್. ಧಾರೆ ಮುಗಿಯುವ ಹೊತ್ತಿಗೆ ಡ್ರೈವ್ ಗರ್ ಗರ್ ಅನ್ನತೊಡಗಿತು. ಪರದೆ ತುಂಬ ಬಣ್ಣದ ಚೌಕ. ಆಮೇಲೆ ಅದೂ ನಿಂತಿತು.

"ಸರಿಯಾಗಿ ಅಲ್ಲೇ ನಿಲ್ತು ನೋಡಿ," ಅಂದಳು ಅಮ್ಮ. ಅವಳ ದನಿಯಲ್ಲಿ ಇದ್ದದ್ದು ಬೇಜಾರು ಅಂತೂ ಅಲ್ಲ.

ಸಿಡಿ ತೆಗೆದು ಬಲ್ಬಿಗೆ ಹಿಡಿದು ನೋಡಿದೆ. ಮೊದಲು ನೋಡಬೇಕಾದ್ದು ಅದನ್ನೇ. ಬೆಳಕು ಸೂಜಿ ಚುಚ್ಚಿದ ಹಾಗೆ ಚುಕ್ಕಿ ಚುಕ್ಕಿಯಾಗಿ ಆಚೆ ಬಂದರೆ ಅಷ್ಟು ಭಾಗ ಹೋಯಿತು ಅಂತಲೇ ಲೆಕ್ಕ. ನಾವೆಲ್ಲ ಹೊಳೆಯುವ ಕಡೆಯೇ ಸಿಡಿಯ ಜೀವ ಅಂದುಕೊಂಡಿದ್ದೇವೆ, ಅಲ್ವಾ? ಜೀವ ಇರುವುದು ಹೆಸರು ಬರೆಯುವ ಕಡೆ. ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬರೀ ಪ್ಲಾಸ್ಟಿಕ್, ಕಿಟಕಿ ಗಾಜಿನ ಹಾಗೆ. ಚಿತ್ರ ಬರೆದ ಪದರ, ಅದರ ಬೆನ್ನಿಗೆ ಹೊಳೆಯುವ ಲೋಹದ ಪದರ, ಎರಡೂ ಮೇಲ್ಗಡೆ ಇವೆ, ತೆಳ್ಳಗಿನ ಒಂದು ವಾರ್ನಿಷ್‌ನ ಅಡಿಯಲ್ಲಿ. ಕೆಳಗಡೆ ಗೀರಿದರೆ ಕಿಟಕಿಗೆ ಗೀರು ಬಿದ್ದ ಹಾಗೆ, ಒಳಗಿನ ಸಾಮಾನಿಗೆ ಏನೂ ಆಗಿರುವುದಿಲ್ಲ. ಮೇಲ್ಗಡೆ ಗೀರಿದರೆ ಸಾಮಾನೇ ಹೋಗುತ್ತದೆ. ಯಾವ ಪೇಸ್ಟೂ ಅದಕ್ಕೆ ಮದ್ದಲ್ಲ.

ಅತ್ತೆ ಮೇಲ್ಗಡೆ ಬಾಲ್‌ಪೆನ್ನಿನಲ್ಲಿ ಒತ್ತಿ 'ಮದುವೆ 2' ಅಂತ ಬರೆದಿದ್ದರು. ನನ್ನ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಬರೆದದ್ದು ತೀರಾ ಅಂಚಿನಲ್ಲಿ. ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತಾ ಹೋಗುತ್ತದೆ, ಅಂಚಿನಲ್ಲಿರುವುದು ಕೊನೆಯ ಭಾಗ. ಅಲ್ಲಿ ಉಡುಗೊರೆ ಕೊಡುವವರ ಸಾಲು. ಹೋದರೆ ಹೋಗಲಿ. ನಮಗೆ ಬೇಕಾದ ಆರತಿ ಇದ್ದದ್ದು ಒಳಗಿನಿಂದ ಒಂದು ಬೆರಳಿನ ಅಗಲ ಆಚೆ. ಅಲ್ಲಿ ಮೇಲ್ಗಡೆ ಚೆನ್ನಾಗಿತ್ತು. ಕೆಳಗಡೆ ಮಾತ್ರ ಉಗುರಿನಲ್ಲಿ ಪರಚಿದಂಥ ಮೂರು ಗೀರು. ಟ್ರಂಕಿನಲ್ಲಿ ಕವರಿಲ್ಲದೆ ಹಿತ್ತಾಳೆ ಸಾಮಾನಿನ ಜೊತೆ ಇಟ್ಟರೆ ಇನ್ನೇನಾಗುತ್ತದೆ?

ಮೊದಲು ತೊಳೆದೆ. ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್, ಅಪ್ಪನ ಹಳೇ ಪಂಚೆಯ ತುಂಡು. ಎಣ್ಣೆ ಬೆರಳು, ಅರಿಶಿನ, ಧೂಳು, ಎಲ್ಲ ಹೋಯಿತು. ಅಷ್ಟಕ್ಕೇ ಎರಡು ನಿಮಿಷ ಮುಂದಕ್ಕೆ ಓಡಿತು. ಎಷ್ಟೋ ಸಿಡಿಗಳಿಗೆ ಇರುವುದು ಗೀರಲ್ಲ, ಬರೀ ಕೊಳೆ.

ಅಲ್ಲಿಂದ ಶುರುವಾಯಿತು ಸಲಹೆ. ಅತ್ತೆಗೆ ಹಿತ್ತಾಳೆ ಬಿಂದಿಗೆ ತೊಳೆದು ಅಭ್ಯಾಸ, ಹುಣಸೆಹಣ್ಣು, ಇಲ್ಲವೇ ವಿಭೂತಿ ಅಂದರು. ಅಮ್ಮ ಕೊಬ್ಬರಿ ಎಣ್ಣೆ ಅಂದಳು. ಅಮ್ಮನಿಗೆ ಲೋಕದ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ. ಆದರೆ ಈ ಸಲ ಅವಳದು ಪೂರ್ತಿ ತಪ್ಪಲ್ಲ. ಎಣ್ಣೆಯೋ ಮೇಣವೋ ಗೀರಿನೊಳಗೆ ಕೂತರೆ ಬೆಳಕು ಅಲ್ಲಿ ಅಡ್ಡಾದಿಡ್ಡಿ ಚೆದುರುವುದು ಕಡಿಮೆಯಾಗುತ್ತದೆ, ಒಂದೆರಡು ಸಲ ಓಡಲೂಬಹುದು. ಆದರೆ ಸಿಡಿ ಗರಗರ ತಿರುಗುವಾಗ ಎಣ್ಣೆ ಸಿಡಿದು ಗೆಳತಿಯ ಡ್ರೈವಿಗೆ ಅಭ್ಯಂಜನವಾದರೆ? ಬೇಡ ಅಂದೆ. ಬೆಂಗಳೂರಿನಲ್ಲಿರುವ ಮದುಮಗಳಿಗೆ, ಅಂದರೆ ನನ್ನ ಅತ್ತಿಗೆಗೆ, ಫೋನ್ ಮಾಡಿದರೆ ಅವಳು ನೇಲ್ ಪಾಲಿಶ್ ತೆಗೆಯುವ ದ್ರಾವಣ ಹಚ್ಚು ಅಂದಳು. ಅಸಿಟೋನ್ ಬಿದ್ದರೆ ಈ ಪ್ಲಾಸ್ಟಿಕ್ ಮಂಜು ಹಿಡಿದ ಗಾಜಿನಂತೆ ಆಗುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ಆಮೇಲೆ ಅವಳೇ, "ಬಿಡೇ ಅದನ್ನ, ಯಾರು ನೋಡ್ತಾರೆ ಈಗ," ಅಂತ ಫೋನಿಟ್ಟಳು. ಮದುವೆ ಅವಳದು, ಜಗಳ ಇವರಿಬ್ಬರದು. ಅವಳಿಗೆ ಆರತಿ ನಡೆದದ್ದೇ ನೆನಪಿಲ್ಲವಂತೆ.

ನಾನು ಹಿಡಿದದ್ದು ಹಲ್ಲುಜ್ಜುವ ಪೇಸ್ಟ್. ಪಾರದರ್ಶಕ ಜೆಲ್ ಅಲ್ಲ, ಹಳೇ ಥರದ ಬಿಳಿ ಪೇಸ್ಟ್. ಅದರಲ್ಲಿ ಸೀಮೆಸುಣ್ಣದ ಜಾತಿಯ ನಯವಾದ ಪುಡಿ ಇರುತ್ತದೆ. ಹಲ್ಲಿನ ಕೊಳೆ ತೆಗೆಯುವ ಆ ಪುಡಿಯೇ ಗೀರಿನ ಚೂಪಾದ ಅಂಚನ್ನು ಸವೆಸಿ ಸಪಾಟು ಮಾಡುತ್ತದೆ. ಗೀರು ತುಂಬುವುದಿಲ್ಲ, ಅಕ್ಕಪಕ್ಕದ ದಡ ಕುಗ್ಗುತ್ತದೆ, ಅಷ್ಟೇ. ಪಾತ್ರೆ ತಿಕ್ಕುವ ಪುಡಿ ಹಾಕಿದರೆ ಅದು ಹೊಸದಾಗಿ ನೂರು ಗೀರು ಕೊಡುತ್ತದೆ. ಹತ್ತಿಬಟ್ಟೆಗೆ ಕಡಲೆಕಾಳಿನಷ್ಟು ಪೇಸ್ಟ್ ಹಚ್ಚಿಕೊಂಡು ಒಳಗಿನಿಂದ ಹೊರಕ್ಕೆ, ಒಳಗಿನಿಂದ ಹೊರಕ್ಕೆ, ಕೊಡೆಯ ಕಡ್ಡಿಗಳ ಹಾಗೆ ಒರೆಸಬೇಕು.

"ಅಯ್ಯೋ, ಗುಂಡಗೆ ತಿಕ್ಕು, ತಟ್ಟೆ ತಿಕ್ಕಲ್ವಾ ಹಂಗೆ," ಅಂದರು ಅತ್ತೆ.

ಗುಂಡಗೆ ತಿಕ್ಕಬಾರದು. ಸಿಡಿಯಲ್ಲಿ ಬರೆದಿರುವುದು ಒಂದೇ ಒಂದು ಸಾಲು, ಸೊಳ್ಳೆಬತ್ತಿಯ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ತಲೆಕೂದಲಿನ ಅಗಲದಲ್ಲಿ ಅದರ ನಲವತ್ತು ಸುತ್ತು ಹಿಡಿಸುತ್ತವೆ. ಬಿಡಿಸಿ ಎಳೆದರೆ 5 ಕಿಲೋಮೀಟರಿಗೂ ಜಾಸ್ತಿ. ಅಡ್ಡ ಬಿದ್ದ ಗೀರನ್ನು ಈ ಸಾಲು ಓದುವ ಲೇಸರ್ ಬೆಳಕು ಕಣ್ಣು ಮಿಟುಕಿಸಿದ ಹಾಗೆ ದಾಟಿಬಿಡುತ್ತದೆ. ಸಾಲಿನ ಉದ್ದಕ್ಕೇ ಗೀರು ಬಿದ್ದರೆ ದಾರಿಯೇ ತಪ್ಪುತ್ತದೆ. ಇದನ್ನೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡು, "ಐದು ಕಿಲೋಮೀಟರ್ ಉದ್ದ ಇದ್ದೂ ನಾನು ಕರೆದದ್ದು ಒಂದು ಕಡೆ ಸಿಗ್ತಿಲ್ಲ ಅಂದ್ರೆ!" ಅಂದರು.

ಉಜ್ಜುತ್ತಾ ಕೂತರೆ ತಲೆಗೆ ಏನೇನೋ ಬರುತ್ತದೆ. ಸಿಡಿ ಮಾಡಿದವರಿಗೆ ಗೀರು ಬೀಳುತ್ತದೆ ಅಂತ ಮೊದಲೇ ಗೊತ್ತಿತ್ತು. ಅದಕ್ಕೇ ಯಾವ ಮಾತನ್ನೂ ಒಂದೇ ಜಾಗದಲ್ಲಿ ಇಡಲಿಲ್ಲ. ಚೂರು ಮಾಡಿ ಅಲ್ಲಲ್ಲಿ ಚೆಲ್ಲಿ, ಜೊತೆಗೆ ಲೆಕ್ಕ ತಾಳೆ ನೋಡುವ ಅಂಕೆಗಳನ್ನೂ ಸೇರಿಸಿದರು. ಸಾಲಿನ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ಮಾಸಿಹೋದರೂ ಉಳಿದ ಚೂರುಗಳಿಂದ ಲೆಕ್ಕ ಹಾಕಿ ತುಂಬಿಸಬಹುದು. ಅದಕ್ಕೂ ಮೀರಿದರೆ, ಹಾಡಿನ ಸಿಡಿಯಾದರೆ, ಪ್ಲೇಯರ್ ಹಿಂದಿನ ದನಿ ಮುಂದಿನ ದನಿ ನೋಡಿ ನಡುವಿನದನ್ನು ತಾನೇ ಊಹಿಸಿ ನುಡಿಸಿಬಿಡುತ್ತದೆ. ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ನನ್ನ ಎಡಕ್ಕೆ ಅತ್ತೆ, ಬಲಕ್ಕೆ ಅಮ್ಮ. ಇಬ್ಬರೂ ಆ ದಿನವನ್ನು ಎಷ್ಟು ಸಲ ನುಡಿಸಿದ್ದಾರೋ. ಅಮ್ಮ ಹೇಳುವಾಗ ಅತ್ತೆ ಆರತಿ ತಟ್ಟೆ ಹಿಡಿದು ಬೇಕಂತಲೇ ಆ ಕಡೆ ತಿರುಗಿದ್ದರು. ಅತ್ತೆ ಹೇಳುವಾಗ ಅಮ್ಮ ಕಣ್ಣಿಗೆ ಕಣ್ಣು ಕೊಟ್ಟು ನೋಡಿಯೂ ಏಳಲಿಲ್ಲ. ಮೊದಮೊದಲು ಈ ತಿರುಗುವುದು, ಕಣ್ಣು ಕೊಡುವುದು ಕಥೆಯಲ್ಲಿ ಇರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಅಥವಾ ನಾನೂ ತುಂಬಿಸಿಕೊಂಡಿದ್ದೇನೋ, ಯಾರಿಗೆ ಗೊತ್ತು.

ವಿಸಿಡಿಗೆ ಇನ್ನೊಂದು ಕಷ್ಟವಿದೆ. ಫೈಲ್ ಇಡುವ ಸಿಡಿಯಲ್ಲಿ ಇರುವ ಹೆಚ್ಚುವರಿ ಕಾವಲನ್ನು ಇದರಲ್ಲಿ ಬಿಟ್ಟುಬಿಟ್ಟು ಆ ಜಾಗಕ್ಕೂ ಚಿತ್ರ ತುಂಬಿದ್ದಾರೆ. ಅದಕ್ಕೇ ಸಣ್ಣ ಗೀರಿಗೂ ಚೌಕ ಚೌಕ.

ಮೂರು ಸಲ ಉಜ್ಜಿ, ಮೂರು ಸಲ ತೊಳೆದೆ. ಸಿಡಿ ಮಾಸಲು ಮಾಸಲಾಗಿ, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ಅತ್ತೆಯ ಮುಖ ಸಪ್ಪಗಾಯಿತು. ಮನೆಯೆಲ್ಲ ಲವಂಗ, ಪುದಿನ ವಾಸನೆ. ನಾಲ್ಕನೇ ಸಲ ಹಾಕಿದಾಗ ಓಡಿತು. ಓಡಿದ್ದೇ ತಡ, ಪ್ಲೇ ನಿಲ್ಲಿಸಿ ಚಿತ್ರವಿರುವ ಇಡೀ ಡ್ಯಾಟ್ ಫೈಲನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಲು ಹಾಕಿದೆ. ಇಂಥ ಸಿಡಿಯ ಮೇಲೆ ಎರಡನೇ ಸಲ ಭರವಸೆ ಇಡಬಾರದು. ಅಂಚಿನಲ್ಲಿ ಬಾಲ್‌ಪೆನ್ ಬಿದ್ದ ಕಡೆ ಕಾಪಿ ಕೈಕೊಟ್ಟಿತು. ಅಷ್ಟು ಹೊತ್ತಿಗೆ ಆರತಿ ಬಂದಾಗಿತ್ತು.

ಮೂವರೂ ಕೂತೆವು. ಧಾರೆ ಆಯಿತು. ಅತ್ತೆ ಬಂದರು, ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಆರತಿ ತಟ್ಟೆ. ಕ್ಯಾಮೆರಾದ ಬಲಕ್ಕೆ ನೋಡಿದರು. ಒಂದು ಕೈ ಎತ್ತಿ 'ಬಾ' ಅನ್ನುವ ಹಾಗೆ ಆಡಿಸಿದರು. ಬಾಯಿ ತೆರೆಯಿತು, ಮುಚ್ಚಿತು. ಮೂರು ಸೆಕೆಂಡ್.

ಮಾತು ಕೇಳಿಸಲಿಲ್ಲ. ಯಾವುದೋ ಸಿನಿಮಾ ಹಾಡು ಜೋರಾಗಿ ಓಡುತ್ತಿತ್ತು. ವಿಡಿಯೋದವನು ಮದುವೆಯ ದನಿಯೆಲ್ಲ ಅಳಿಸಿ ಹಾಡು ಹಾಕಿದ್ದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ವಾಲಗವೂ ಇಲ್ಲ, ಮಂತ್ರವೂ ಇಲ್ಲ, ಹಾಡು. ಗೀರು ಬಿದ್ದದ್ದನ್ನು ಉಜ್ಜಬಹುದು. ಇದನ್ನು ಏನು ಉಜ್ಜುವುದು?

"ನೋಡ್ದ್ಯಾ? ಕರೆದೆ!" ಅಂದರು ಅತ್ತೆ.

"ಯಾರನ್ನ ಕರೆದ್ರೋ. ಅಡುಗೆಯವರನ್ನ ಇರ್ಬೇಕು."

"ಆರತಿ ತಟ್ಟೆ ಹಿಡ್ಕಂಡು ಅಡುಗೆಯವರನ್ನ ಯಾರು ಕರೀತಾರೆ ಮಾರಾಯ್ತಿ? ಪುಟ್ಟೀ, ಹಿಂದೆ ಹಾಕು."

ಹಿಂದೆ ಹಾಕಿದೆ. ಕೈ ಎತ್ತಿದರು, ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ಹಿಂದೆ. ಕೈ, ಬಾಯಿ, ಹಾಡು. ಹನ್ನೆರಡೋ ಹದಿನೈದೋ ಸಲ ಹಾಕಿರಬೇಕು. ಎಂಟನೇ ಸಲಕ್ಕೆ ಅಮ್ಮ, "ಆ ಸೀರೆ ಇನ್ನೂ ಇದ್ಯಾ ಅತ್ತಿಗೆ?" ಅಂದಳು. ಹತ್ತನೇ ಸಲಕ್ಕೆ ಅತ್ತೆ, ಹಿಂದೆ ನಿಂತಿದ್ದ ನಮ್ಮಜ್ಜಿಯನ್ನು ಕಂಡು, "ಅಮ್ಮ ನೋಡೇ, ಹೆಂಗೆ ಗಟ್ಟಿಮುಟ್ಟಾಗಿದ್ಲು," ಅಂದರು. ಆಮೇಲೆ ಇಬ್ಬರೂ ಕೆಸುವಿನ ಸೊಪ್ಪು ಬಿಡಿಸಲು ಎದ್ದರು. ಅಪ್ಪ ಹಾಲು ತಂದರು. ಈಗ ನಾಲ್ಕು ಲೀಟರ್.

ಗುರುವಾರ ಮಧ್ಯಾಹ್ನ ಅತ್ತೆ ಊರಿಗೆ ಹೋದರು. ಸಿಡಿಯನ್ನು ಮತ್ತೆ ರವಿಕೆ ಕಣದಲ್ಲಿ ಸುತ್ತಿಕೊಂಡರು. ಫೈಲನ್ನು ಫೋನಿಗೆ ಹಾಕಿಕೊಟ್ಟಿದ್ದೇನೆ ಅಂದರೂ ಕೇಳಲಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಅಮ್ಮ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಕನ್ನಡಕ.

"ಅದನ್ನ ಇನ್ನೊಂದ್ಸಲ ಹಾಕು. ದನಿ ಬೇಡ."

ಹಾಕಿದೆ.

"ಬಾಯಿ ಹತ್ರ ನಿಲ್ಸು. ನನ್ನ ಹೆಸರು ಕರೀಬೇಕಂದ್ರೆ ಎರಡು ಸಲ ತುಟಿ ಕೂಡ್ಬೇಕು. ಕೂಡತ್ತಾ ನೋಡು."

ಸೆಕೆಂಡಿಗೆ 25 ಚಿತ್ರ. ಒಂದೊಂದಾಗಿ ಸರಿಸಿದೆ. ವಿಸಿಡಿಯ ಚಿತ್ರವೇ 352 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಅದರಲ್ಲಿ ದೂರ ನಿಂತ ಅತ್ತೆಯ ತುಟಿ ಅಂದರೆ ನಾಲ್ಕೈದು ಚುಕ್ಕಿ. ದೊಡ್ಡದು ಮಾಡಿದಷ್ಟೂ ಅದು ಬರೀ ಕೆಂಪು ಕಂದು ಚೌಕವಾಗುತ್ತಿತ್ತು. ಒಂದು ಸಲ ಕೂಡಿದ ಹಾಗೆ ಕಂಡಿತು. ಎರಡನೆಯದು ಗೊತ್ತಾಗಲಿಲ್ಲ.

"ಕೂಡಿದ ಹಾಗಿದೆ," ಅಂದೆ.

"ಹಾಗಿದೆ ಅಂದ್ರೆ?"

"ಸರಿಯಾಗಿ ಕಾಣಲ್ಲಮ್ಮ."

ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದಳು. ಸ್ವಲ್ಪ ಹೊತ್ತು ನೋಡಿದಳು.

"ಮುಂದಿನ ವಾರ ಅವರ ಮನೆಗೆ ಹೋಗಣ," ಅಂದಳು. "ಆ ಸಿಡಿಗೆ ಇನ್ನೊಂಚೂರು ಪೇಸ್ಟ್ ಹಾಕಿ ನೋಡು."