ಪೈಪಿನ ನೀರು ತಿಳಿಯಾಗುವವರೆಗೆ

ವಯಸ್ಸಾದ ಗಂಡಸರಲ್ಲಿ ಬೆಳೆದು ಮೂತ್ರ ತಡೆಯುವ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ದಿನ ಬೆಳಿಗ್ಗೆ ವಾರ್ಡಿನಲ್ಲಿ ತಪ್ಪದೆ ಕೇಳಿಬರುವ ಮಾತು: “ಡಾಕ್ಟ್ರೇ, ಕೊಯ್ಯೋದು ಬೇಡ, ಲೇಸರ್ ಮಾಡಿಬಿಡಿ.” ಲೇಸರ್‌ನಲ್ಲೂ ಕೊಯ್ಯುವುದೇ. ಲೇಸರ್ ಇಲ್ಲದ ಹಳೆಯ ವಿಧಾನವಾದ ಟಿಯುಆರ್‌ಪಿಯಲ್ಲೂ ಹೊಟ್ಟೆಯ ಮೇಲೆ ಗಾಯವಿಲ್ಲ. ಎರಡರಲ್ಲೂ ಉಪಕರಣ ಹೋಗುವುದು ಮೂತ್ರನಾಳದ ದಾರಿಯಲ್ಲೇ.

ಟಿಯುಆರ್‌ಪಿಯಲ್ಲಿ ಕರೆಂಟ್ ಹರಿಯುವ ತಂತಿ ಕುಣಿಕೆಯಿಂದ ಗ್ರಂಥಿಯನ್ನು ಚೂರುಚೂರಾಗಿ ಹೆರೆಯುತ್ತಾರೆ. ಲೇಸರ್ ವಿಧಾನವಾದ ಹೋಲೆಪ್‌ನಲ್ಲಿ ಹೋಲ್ಮಿಯಂ ಕಿರಣ ಬಳಸಿ, ಸಿಪ್ಪೆಯೊಳಗಿನಿಂದ ಕಿತ್ತಳೆ ತೊಳೆ ಬಿಡಿಸಿದಂತೆ, ಬೆಳೆದ ಭಾಗವನ್ನು ಬಿಡಿಸಿ ಮೂತ್ರಕೋಶಕ್ಕೆ ತಳ್ಳುತ್ತಾರೆ. ಅಲ್ಲಿ ಅದನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಯಾವುದು ಬೇಕು ಎನ್ನುವುದನ್ನು ಬಹುಮಟ್ಟಿಗೆ ಸ್ಕ್ಯಾನ್‌ನಲ್ಲಿರುವ ಗಾತ್ರವೇ ಹೇಳುತ್ತದೆ. 30 ಗ್ರಾಂಗಿಂತ ಚಿಕ್ಕದಾಗಿದ್ದು ನಡುವಿನ ಹಾಲೆ ಉಬ್ಬಿಲ್ಲದಿದ್ದರೆ ಗ್ರಂಥಿಯಲ್ಲಿ ಒಂದೆರಡು ಸೀಳು ಹಾಕಿದರೂ ಸಾಕಾಗಬಹುದು. 80 ಗ್ರಾಂವರೆಗೆ ಟಿಯುಆರ್‌ಪಿ ಚೆನ್ನಾಗಿ ನಡೆಯುತ್ತದೆ. ಅದರಾಚೆ ಹೋಲೆಪ್, ಇಲ್ಲವೇ ಹೊಟ್ಟೆ ತೆರೆದು ಮಾಡುವ ಆಪರೇಷನ್. ಕಾರಣ ಸರಳ: ಹೆರೆಯುವ ಹೊತ್ತು ಉದ್ದವಾದಷ್ಟೂ ರಕ್ತ ಹೆಚ್ಚು ಹೋಗುತ್ತದೆ, ತೊಳೆಯುವ ದ್ರವ ರಕ್ತನಾಳಗಳಿಗೆ ಸೇರುತ್ತದೆ. ಟಿಯುಆರ್‌ಪಿಯ ಹಳೆಯ ಬಗೆಯಾದ ಮಾನೋಪೋಲಾರ್‌ನಲ್ಲಿ ಆ ದ್ರವ ಗ್ಲೈಸಿನ್. ಅದು ಹೆಚ್ಚು ಸೇರಿದರೆ ಸೋಡಿಯಂ ಕುಸಿದು ರೋಗಿ ತಬ್ಬಿಬ್ಬಾಗುತ್ತಾರೆ. ಅದಕ್ಕೇ ಒಂದು ಗಂಟೆಯೊಳಗೆ ಮುಗಿಸುವ ಆತುರ. ಹೊಸ ಬಗೆಯಾದ ಬೈಪೋಲಾರ್‌ನಲ್ಲಿ ಸಲೈನ್ (ಉಪ್ಪುನೀರು) ಬಳಸುವುದರಿಂದ ಆ ಭಯ ಬಹಳ ಕಡಿಮೆ. ಹೋಲೆಪ್ ಕೈಗೆ ಹತ್ತಲು ಸಮಯ ಬೇಕು. ಮಧ್ಯಮ ಗಾತ್ರದ ಗ್ರಂಥಿಗೆ ಹೊಸಗೈಯ ಲೇಸರ್‌ಗಿಂತ ಪಳಗಿದ ಕೈಯ ಬೈಪೋಲಾರ್ ಮೇಲು.

ವೀರ್ಯದ ವಿಷಯವನ್ನು ಸಂಕೋಚದಿಂದ ಯಾರೂ ಕೇಳುವುದಿಲ್ಲ. ಆದರೆ ಸಹಿ ಹಾಕಿಸುವ ಮೊದಲೇ ಹೇಳಲೇಬೇಕು: ಎರಡೂ ವಿಧಾನಗಳ ನಂತರ ಬಹುತೇಕರಲ್ಲಿ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹೋಗುತ್ತದೆ. ನಿಮಿರುವಿಕೆ ಸಾಮಾನ್ಯವಾಗಿ ಉಳಿಯುತ್ತದೆ. ಇದು ಬೇಡವೆನ್ನುವವರಿಗೆ ಗ್ರಂಥಿಯನ್ನು ಬದಿಗೆ ಎಳೆದು ಹಿಡಿಸುವ ಯೂರೋಲಿಫ್ಟ್ ಅಥವಾ ಗ್ರಂಥಿಗೆ 9 ಸೆಕೆಂಡಿನಂತೆ ಹಬೆ ಹಾಯಿಸುವ ರೆಜೂಮ್ ಇದೆ. ಉಪಶಮನ ಮಾತ್ರ ಟಿಯುಆರ್‌ಪಿಯಷ್ಟಿಲ್ಲ. ಹಬೆಯ ಫಲ ಕಾಣಲು ವಾರಗಳೇ ಬೇಕು.

ನಿಜವಾದ ಕೆಲಸ ಇರುವುದು ಮಧ್ಯಾಹ್ನದ ಮೇಲೆ, ಮೂತ್ರಕೋಶಕ್ಕೆ ಹಾಕಿದ ಮೂರು ದಾರಿಯ ಪೈಪು, ಅಂದರೆ ಕ್ಯಾಥೆಟರ್ ಬಳಿ. ಒಂದು ದಾರಿ ಬಲೂನಿಗೆ, ಒಂದರಲ್ಲಿ ಸಲೈನ್ ಒಳಗೆ, ಇನ್ನೊಂದರಲ್ಲಿ ಹೊರಗೆ. ಹೊರಬರುವ ನೀರು ತಿಳಿಗುಲಾಬಿ ಇರುವಂತೆ ವೇಗ ಇಡಬೇಕು. ಕೆಂಪೇರಿದರೆ ಜೋರು ಮಾಡಬೇಕು. ಬಾಟಲಿ ಬೇಗ ಖಾಲಿಯಾಗುತ್ತಿದೆ ಎಂದು ಮನೆಯವರು ನಿಧಾನ ಮಾಡುವುದುಂಟು. ಹೆಪ್ಪುಗಟ್ಟುವುದು ಆಗಲೇ. ಹೊರದಾರಿ ನಿಂತು ಒಳದಾರಿ ಹರಿಯುತ್ತಿದ್ದರೆ ಹೊಟ್ಟೆ ಉಬ್ಬಿ ಬಿರಿದಂತಾಗುತ್ತದೆ. ಮೊದಲು ಸಲೈನ್ ನಿಲ್ಲಿಸಬೇಕು, ಸಿಸ್ಟರ್‌ಗೆ ಹೇಳಬೇಕು. ಅವರು ದೊಡ್ಡ ಸಿರಿಂಜಿನಿಂದ ಹೆಪ್ಪು ತೆಗೆಯುತ್ತಾರೆ. ಬಲೂನ್ ಒತ್ತಿ ಮೂತ್ರ ಬಂದಂತೆ ಅನಿಸುವುದು ಸಹಜ. ಆದರೆ ತಿಣುಕಬಾರದು.

ಪೈಪು ಸಾಮಾನ್ಯವಾಗಿ ಒಂದರಿಂದ ಮೂರು ದಿನಕ್ಕೆ ತೆಗೆಯುತ್ತಾರೆ. ಹೋಲೆಪ್ ಆದವರಲ್ಲಿ ಕೆಮ್ಮಿದಾಗ ಹನಿ ಜಾರುವುದು ಕೆಲವು ವಾರ ಹೆಚ್ಚು. 10–14ನೇ ದಿನ ಹಕ್ಕಳೆ ಉದುರಿ ಮತ್ತೆ ರಕ್ತ ಬರಬಹುದು. ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಅದಕ್ಕೇ. ಡಿಸ್ಚಾರ್ಜ್ ಹೊತ್ತಿಗೆ ತೆಗೆದ ಚೂರುಗಳ ಬಯಾಪ್ಸಿ ವರದಿ ಬಂದಿರುವುದಿಲ್ಲ. ಅದನ್ನು ಬಂದು ಪಡೆಯಲೇಬೇಕು. ಗ್ರಂಥಿಯ ಹೊರಪದರ ಒಳಗೇ ಉಳಿದಿರುತ್ತದೆ, ಅದರಲ್ಲಿ ಮುಂದೆ ಕ್ಯಾನ್ಸರ್ ಬರಬಹುದು; ಅದರ ಸುಳಿವು ನೋಡುವ ಪಿಎಸ್‌ಎ ರಕ್ತಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಮುಂದೆಯೂ ಕೇಳುತ್ತಿರಬೇಕು.