ಇಪ್ಪತ್ತಾರು ಅಂಕೆಗಳ ಜೊತೆ ಒಂದು ಮಧ್ಯಾಹ್ನ

18,947,668,177,995,426,462,773,730.

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾ ದೇವಿ 28 ಸೆಕೆಂಡಿನಲ್ಲಿ ಹೇಳಿದ ಗುಣಲಬ್ಧ ಇದು. ಕೊಟ್ಟಿದ್ದ ಸಂಖ್ಯೆಗಳು 7,686,369,774,870 ಮತ್ತು 2,465,099,745,779. ನಮ್ಮ ರೂಢಿಯಲ್ಲಿ ಓದಿದರೆ ಉತ್ತರ ಸುಮಾರು 18,947 ಕೋಟಿ ಕೋಟಿ ಕೋಟಿ. ಮೊನ್ನೆ ಮಧ್ಯಾಹ್ನ ಪೆನ್ಸಿಲ್ಲು, ಚೌಕಳಿ ಹಾಳೆ ಇಟ್ಟುಕೊಂಡು ಇದನ್ನು ತಾಳೆ ನೋಡುವ ಕೆಲಸ.

ಮೊದಲು ಒಂಬತ್ತರ ತಾಳೆ. ಅಂಕೆಗಳನ್ನು ಕೂಡಿದರೆ ಮೊದಲನೆಯದು 78, ಎರಡನೆಯದು 74. ಒಂಬತ್ತರಿಂದ ಭಾಗಿಸಿದ ಶೇಷ 6 ಮತ್ತು 2. ಗುಣಿಸಿದರೆ 12, ಅಂದರೆ ಶೇಷ 3. ಉತ್ತರದ ಅಂಕೆಗಳ ಮೊತ್ತ 138, ಅದರ ಶೇಷವೂ 3. ಸರಿ ಹೋಯಿತು. ಆದರೆ ಈ ತಾಳೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಉತ್ತರದಲ್ಲಿ 426, 462 ಅಕ್ಕಪಕ್ಕದಲ್ಲೇ ಇವೆ. ನಕಲು ಮಾಡುವಾಗ ಎರಡೂ ಅದಲುಬದಲಾದರೆ ಮೊತ್ತ ಅದೇ 138, ತಪ್ಪು ಗೊತ್ತೇ ಆಗುವುದಿಲ್ಲ. 0 ಇರುವಲ್ಲಿ 9 ಬರೆದರೂ ಅಷ್ಟೇ.

ಹಾಗಾಗಿ ಹನ್ನೊಂದರ ತಾಳೆ ಬೇಕು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕೆ ಕೂಡಿ, ಬಿಟ್ಟವನ್ನೂ ಬೇರೆ ಕೂಡಿ, ಕಳೆಯಬೇಕು. ಎರಡನೆಯ ಸಂಖ್ಯೆಯಲ್ಲಿ ಎರಡು ಮೊತ್ತಗಳೂ 37, ವ್ಯತ್ಯಾಸ ಸೊನ್ನೆ. ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಉತ್ತರವೂ ಆಗಲೇಬೇಕು. ಕೂಡಿದರೆ 69, ಇನ್ನೊಂದು ಕಡೆಯೂ 69! ಆ 426, 462 ಅದಲುಬದಲಾಗಿದ್ದರೆ ಇಲ್ಲಿ ಶೇಷ 5 ಉಳಿದು ಸಿಕ್ಕಿಬೀಳುತ್ತಿತ್ತು. ಈ ಕೂಡುವಿಕೆಯಲ್ಲಿ ಸಾಲು ತಪ್ಪುವುದು ಬಲು ಸುಲಭ, ಬೆಸ ಸ್ಥಾನದ ಅಂಕೆಗಳ ಕೆಳಗೆ ಚುಕ್ಕಿ ಇಟ್ಟುಕೊಂಡರೆ ಒಳ್ಳೆಯದು.

ಇಷ್ಟರಲ್ಲೇ ಸಂಖ್ಯೆಯ ಜಾತಕ ಅರ್ಧ ಸಿಕ್ಕಿಬಿಟ್ಟಿರುತ್ತದೆ. ಕೊನೆ 30 ಆದ್ದರಿಂದ 2ರಿಂದ ಭಾಗವಾದರೂ 4ರಿಂದ ಆಗದು, 5ರಿಂದ ಆದರೂ 25ರಿಂದ ಆಗದು. ಮೊತ್ತ 138 ಆದ್ದರಿಂದ 3 ಸರಿ, 9 ಇಲ್ಲ. 2 ಒಂದೇ ಸಲ ಇರುವುದರಿಂದ ಇದು ವರ್ಗ ಸಂಖ್ಯೆಯಲ್ಲ. ಎರಡು ವರ್ಗಗಳ ಮೊತ್ತವೂ ಅಲ್ಲ: ಅಂಥ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡು ವರ್ಗಗಳೂ 3ರಿಂದ, ಹಾಗಾಗಿ 9ರಿಂದಲೂ, ಭಾಗವಾಗಬೇಕು.

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಗುಣ. ಸಂಖ್ಯೆ 6ರಿಂದ ಭಾಗವಾಗುವುದರಿಂದ ಅದರ ಅರ್ಧ, ಮೂರನೇ ಒಂದು, ಆರನೇ ಒಂದು ಭಾಗಗಳು ಮೂರೂ ಅದರ ಭಾಜಕಗಳೇ. ಈ ಮೂರನ್ನು ಕೂಡಿದರೇ ಪೂರ್ತಿ ಸಂಖ್ಯೆ ಬಂದುಬಿಡುತ್ತದೆ. ಇನ್ನು 1 ಸೇರಿದರೂ ಸಾಕು, ಭಾಜಕಗಳ ಮೊತ್ತ ಸಂಖ್ಯೆಯನ್ನು ಮೀರಿತು. ಇದು ಸಮೃದ್ಧ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಮಿಕ್ಕ ಭಾಜಕಗಳ ಮೊತ್ತ ತನಗಿಂತ ಹೆಚ್ಚಿರುವ ಸಂಖ್ಯೆ. ಉಳಿದ ಭಾಜಕಗಳನ್ನು ಹುಡುಕುವ ಗೋಜೇ ಇಲ್ಲ.

ತಾಳೆಗೆ ಬಂದರೆ, ಎರಡೂ ಪರೀಕ್ಷೆ ದಾಟಿದ ಉತ್ತರದಲ್ಲೂ 99ರ ಗುಣಕದಷ್ಟು ತಪ್ಪು ಅಡಗಿರಬಹುದು. ಅದೂ ಬೇಡ, ಪೂರ್ತಿ ಗುಣಿಸಿಯೇ ನೋಡುತ್ತೇನೆ ಎನ್ನುವವರು ಸೊನ್ನೆಗಳನ್ನು ಬಿಟ್ಟು 144 ಸಲ ಮಗ್ಗಿ ಹೇಳಬೇಕು, ಮೇಲೆ ದಶಕಗಳ ಕೂಡುವಿಕೆ ಬೇರೆ.