ಕಪಾಟಿನಿಂದ ವ್ಯಾನಿನವರೆಗೆ

ಅಂಗಡಿಯಲ್ಲಿ ಉಳಿದ ಆಹಾರವನ್ನು ದಾನಕ್ಕೆ ಕಳಿಸುವ ದಿನ ಶುರುವಾಗಬೇಕಾದ್ದು ಬೆಳಿಗ್ಗೆ, ಶಟರ್ ಎತ್ತಿದ ಕೂಡಲೇ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಆರಿಸಲು ಕೂತರೆ ಕೆಲಸ ಕೆಟ್ಟಂತೆಯೇ. ಆಗ ದಾನ ಒಯ್ದು ಬಡಿಸುವವರ ಅಡುಗೆಮನೆ ಮುಚ್ಚಿರುತ್ತದೆ, ದಣಿದ ಸಿಬ್ಬಂದಿಗೆ ಕಸದ ಡಬ್ಬಿಯೇ ಹತ್ತಿರ.

ಮೊದಲು ತಾರೀಖು. ‘ಬೆಸ್ಟ್ ಬಿಫೋರ್’ ಅಂದರೆ ರುಚಿ, ಗರಿಗರಿಯ ಮಾತು. ‘ಯೂಸ್ ಬೈ’ ಮಾತ್ರ ಸುರಕ್ಷತೆಯ ಗಡಿ, ದಾಟಿದ್ದು ಯಾರ ತಟ್ಟೆಗೂ ಹೋಗಬಾರದು. ಹಾಗಾಗಿ ಮಾಂಸ, ಮೀನನ್ನು ಗಡುವಿಗೆ ಒಂದು ದಿನ ಮುಂಚೆಯೇ ತೆಗೆದು ಮೈನಸ್ 18 ಡಿಗ್ರಿಗೆ ಹಾಕಿ, ಫ್ರೀಜ್ ಮಾಡಿದ ತಾರೀಖು ಅಂಟಿಸಬೇಕು. ತಾರೀಖು ಮುಗಿದ ಶಿಶುವಿನ ಹಾಲಿನ ಪುಡಿ ನೇರ ಕಸಕ್ಕೆ. ಜಜ್ಜಿದ ಡಬ್ಬಿಯಲ್ಲಿ ಪೆಟ್ಟು ಎಲ್ಲಿದೆ ನೋಡಿ: ಹೊಟ್ಟೆಯಲ್ಲಿ ಸಣ್ಣ ತಗ್ಗಾದರೆ ಪರವಾಗಿಲ್ಲ. ಅಂಚಿನ ಮಡಿಕೆಗೆ ಬಿದ್ದಿದ್ದರೆ ಅಥವಾ ಮುಚ್ಚಳ ಉಬ್ಬಿದ್ದರೆ ರುಚಿ ನೋಡುವ ಸಾಹಸವೂ ಬೇಡ.

ಬ್ರೆಡ್ಡು ಬೇರೆಯದೇ ತಲೆನೋವು. ಬಿಸಿಯಿರುವಾಗಲೇ ಚೀಲ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಎಲ್ಲರೂ ಅದನ್ನೇ ಕೊಡುವುದರಿಂದ, ಎಷ್ಟು ಬೇಕೆಂದು ಕೇಳದೆ ಕಳಿಸಿದರೆ ನಮ್ಮ ಕಸ ಅವರ ಕಸವಾಗುತ್ತದೆ, ಅಷ್ಟೇ.

ನಿಜವಾಗಿ ಕೆಡುವ ಜಾಗ ಹಿಂಬಾಗಿಲು. ಹತ್ತಕ್ಕೆ ಬರಬೇಕಾದ ವ್ಯಾನ್ ಹತ್ತೂಮುಕ್ಕಾಲಿಗೆ ಬರುತ್ತದೆ, ಮೊಸರಿನ ಕ್ರೇಟು ಅಷ್ಟೂ ಹೊತ್ತು ಬಿಸಿಲಲ್ಲಿ. ವ್ಯಾನ್ ಬಂದು ನಿಂತ ಮೇಲೆಯೇ ಫ್ರಿಡ್ಜ್ ತೆರೆಯುವುದು ಒಳ್ಳೆಯದು. ಎರಡು ಪ್ಯಾಕೆಟ್ ಒತ್ತಿಹಿಡಿದು ನಡುವೆ ಥರ್ಮಾಮೀಟರಿನ ಕಡ್ಡಿ ತೂರಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ, ಚುಚ್ಚಬೇಡಿ. 5 ಡಿಗ್ರಿ ದಾಟಬಾರದು.

ಬೇಯಿಸಿದ್ದನ್ನು 60 ಡಿಗ್ರಿಯ ಮೇಲೆ ಬಿಸಿಯಾಗಿಯೇ ಕೊಡಬೇಕು. ಇಲ್ಲವಾದರೆ ಎರಡು ಗಂಟೆಯೊಳಗೆ 60ರಿಂದ 21ಕ್ಕೆ, ಮುಂದಿನ ನಾಲ್ಕು ಗಂಟೆಯಲ್ಲಿ 5ಕ್ಕೆ ಇಳಿಸಬೇಕು. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಡ್ಜಿಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲ ತಟ್ಟೆಗಳಲ್ಲಿ ಎರಡು ಇಂಚು ಮೀರದಂತೆ ಹರಡಿ. ಮರುಪ್ಯಾಕ್ ಮಾಡಿದ್ದರ ಮೇಲೆ ಶೇಂಗಾ, ಹಾಲು, ಗೋಧಿ ಇದೆಯೆಂದು ಬರೆಯದಿದ್ದರೆ ಒಳ್ಳೆಯ ಊಟವೂ ವಾಪಸ್ಸು ಬರುತ್ತದೆ.

ಫ್ರಾನ್ಸ್ 2016ರ ಕಾಯಿದೆಯಲ್ಲಿ 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ದಾನದ ಒಪ್ಪಂದ ಮಾಡಿಕೊಳ್ಳಲೇಬೇಕೆಂದಿತು. ಆದರೆ ಕಾಯಿದೆ ಬಂದು ಥರ್ಮಾಮೀಟರ್ ಹಿಡಿಯುವುದಿಲ್ಲ.

ವ್ಯಾನ್ ಹೊರಡುವ ಮುನ್ನ ಚೀಟಿ ಎರಡು ಪ್ರತಿ: ಏನು, ಬ್ಯಾಚ್ ನಂಬರು, ಎಷ್ಟು ಕಿಲೋ, ಎಷ್ಟು ಡಿಗ್ರಿ, ಗಂಟೆ, ಇಬ್ಬರ ಸಹಿ. ಯಾವುದೋ ಬ್ಯಾಚನ್ನು ಕಂಪನಿ ವಾಪಸ್ ಕರೆದ ದಿನ, ಅದು ಯಾವ ಅಡುಗೆಮನೆ ಸೇರಿದೆ ಎಂದು ಹೇಳುವುದು ಆ ಚೀಟಿಯೊಂದೇ.